ಮೊದಲು ಬಿಲ್ಲೆ, ಆಮೇಲೆ ಬಟ್ಟಲು

ಆ ಬೆಳಿಗ್ಗೆ ಗಾಳಿಯ ಉಸಿರೇ ನಿಂತಿತ್ತು. ರಾತ್ರಿ ಬಿದ್ದ ಹಿಮ ಮರದ ಕೊಂಬೆಗಳ ಮೇಲೆ ಕದಲದೆ ಕೂತಿತ್ತು. ಕೆಳಗೆ ಸೇಂಟ್ ಲಾರೆನ್ಸ್ ನದಿಯಲ್ಲಿ ಮಂಜುಗಡ್ಡೆಯ ಹಲಗೆಗಳು ಸದ್ದಿಲ್ಲದೆ ಸಾಗುತ್ತಿದ್ದವು. ಬೆಟ್ಟದ ಬುಡದಲ್ಲಿದ್ದ ತನ್ನ ಪಾನೀಯದ ಮನೆಯ ಅಂಗಳದ ಹಿಮ ಎತ್ತಿಹಾಕುತ್ತಿದ್ದ ಫೆರ್ನಾಂದ್ ಸಲಿಕೆಯನ್ನು ನಿಲ್ಲಿಸಿದಳು.

ಬೂದು ಬಣ್ಣದ ಕಾರು ಮತ್ತೆ ಬಂದಿತ್ತು.

ಪ್ರತಿವರ್ಷ ಇದೇ ದಿನ ಬರುತ್ತಿತ್ತು. ಒಳಗಿದ್ದವನು ಇಳಿಯುತ್ತಿರಲಿಲ್ಲ. ಬೆಟ್ಟವನ್ನೇ ನೋಡುತ್ತ ಕೂತು, ಸಂಜೆಗೆ ಹೊರಟುಹೋಗುತ್ತಿದ್ದ. ಈ ಸಲ ಕಾರಿನ ಬಾಗಿಲು ತೆರೆಯಿತು. ಅವನು ಇಳಿದು, ಕಾರಿಗೆ ಒರಗಿ ನಿಂತ.

“ಬಂದ ನೋಡು, ಮಹಾರಾಯ,” ಎಂದ ಓವಿಲಾ. ಬೆಟ್ಟದ ಕಾವಲುಪಡೆಯಲ್ಲಿ ಅವನೇ ಹಿರಿಯ. “ಹೋಗಿ ಓಡಿಸಿಬಿಡಲಾ?”

“ಬೇಡ.”

“ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟು ಹೊತ್ತಿಗೆ...”

“ನನ್ನ ಜಾಗದಲ್ಲಿ ನೀನಿಲ್ಲ, ಓವಿಲಾ.”

ಬೆಟ್ಟದ ಹಿಂಬದಿಗೆ ಸ್ಕೀ ಮಾಡಲು ಹೋಗುವವರು ಬೆಳಿಗ್ಗೆ ಈ ಮನೆಯ ಬಾಗಿಲ ಪಕ್ಕದ ಹಲಗೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಇಳಿದು ಬಂದ ಮೇಲೆ ಅದನ್ನು ಅದರ ಮೊಳೆಗೇ ತೂಗುಹಾಕಬೇಕು. ಬಿಲ್ಲೆಯ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಕತ್ತಲಾಗುವಾಗ ಮೊಳೆಯೊಂದು ಖಾಲಿಯಿದ್ದರೆ ಯಾರೋ ಒಬ್ಬರು ಇನ್ನೂ ಮೇಲಿದ್ದಾರೆ ಎಂದರ್ಥ. ಕಾವಲಿನವರು ಹುಡುಕಲು ಹೊರಡಬೇಕು. ಬಿಲ್ಲೆ ಕಾಣದೆ ಫೆರ್ನಾಂದ್ ಯಾರಿಗೂ ಬಿಸಿ ಪಾನೀಯ ಸುರಿದವಳಲ್ಲ. ಊರ ಪಾದ್ರಿಯನ್ನೂ ಒಮ್ಮೆ ಬಾಗಿಲಿಗೆ ವಾಪಸು ಕಳಿಸಿದ್ದಳು.

ಕೆಲವು ವರ್ಷಗಳ ಹಿಂದೆ, ಇದೇ ದಿನ, ಪೇಟೆಯ ಗಡಿಯಾರ ರಿಪೇರಿಯವನು ತೆಸ್ಯೇ ಹಿಂಬದಿಯಿಂದ ಇಳಿದು ಬಂದಿದ್ದ. ಕೈಕಾಲು ಮರಗಟ್ಟಿದ್ದವು. ಒಲೆಯ ಹತ್ತಿರ ಕೂತು ದ್ರಾಕ್ಷಾರಸಕ್ಕೆ ವಿಸ್ಕಿ ಬೆರೆಸಿದ ಬಿಸಿ ಕಾರಿಬೂವನ್ನು ಬಟ್ಟಲ ಮೇಲೆ ಬಟ್ಟಲು ಕುಡಿದು, ತೂರಾಡುತ್ತ ಬಸ್ಸು ಹತ್ತಿದ. ಆಮೇಲೆ ನೋಡಿದರೆ ಒಂದು ಮೊಳೆ ಖಾಲಿ. ಕಾವಲಿನ ಸರದಿ ಫೆರ್ನಾಂದಳ ಗಂಡ ರೋಜೇರ್‌ನದು.

“ಒಂದು ಗುಟುಕು ಕುಡಿದು ಹೋಗಿ,” ಎಂದಿದ್ದಳು.

“ಬಂದು ಕುಡೀತೀನಿ. ಮುಚ್ಚಿಡು.”

ಹಿಂಬದಿಯ ಕಣಿವೆಯಲ್ಲಿ ಹಿಮ ಜಾರಿತು. ಬೆಳಕು ಹರಿದ ಮೇಲೆ ಅವನ ಹೆಣವನ್ನು ಅಗೆದು ತಂದರು.

ಸುದ್ದಿ ಕೇಳಿದ ತೆಸ್ಯೇ ತಾನಾಗಿಯೇ ಬಂದು ಹೇಳಿದ: ಬಿಲ್ಲೆ ಮೊಳೆಗೆ ಹಾಕಿದ ನೆನಪೇ ತನಗಿಲ್ಲ. ತಪ್ಪು ಅವನದೇ ಎನ್ನಲು ಊರಿಗೆ ಅಷ್ಟು ಸಾಕಾಯಿತು. ಫೆರ್ನಾಂದ್ ಏನೂ ಹೇಳಲಿಲ್ಲ. ತನ್ನ ಏಪ್ರನ್ನುಗಳ ಜೇಬಿಗೆಲ್ಲ ಹೊಲಿಗೆ ಹಾಕಿ ಬಾಯಿ ಮುಚ್ಚಿದಳು. ಭಾನುವಾರದ ಪೂಜೆಯಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂತಳು. ಪ್ರಸಾದದ ರೊಟ್ಟಿಗೆ ಎದ್ದು ಹೋಗುವುದನ್ನು ಬಿಟ್ಟಳು. “ಕ್ಷಮಿಸಿಬಿಡಮ್ಮ, ಹಗುರಾಗ್ತೀಯ,” ಎಂದರು ಪಾದ್ರಿ. “ಕ್ಷಮಿಸೋದು ನನ್ನ ಕೈಲಿಲ್ಲ, ಫಾದರ್,” ಎಂದಳು. ಎಷ್ಟು ಕಲ್ಲಾಗಿದೆ ಪಾಪ ಈ ಜೀವ ಎಂದುಕೊಂಡಿತು ಊರು. ಅದು ಸುಳ್ಳೂ ಅಲ್ಲ. ಕುದಿಯುವ ದ್ರಾಕ್ಷಾರಸ ಮುಂಗೈ ಮೇಲೆ ಚೆಲ್ಲಿದರೂ ಅವಳು ಅದನ್ನು ನೋಡುತ್ತಿದ್ದಳು, ಅಷ್ಟೇ.

ಕಾರಿನ ಬಾಗಿಲು ತೆರೆದ ಆ ದಿನ ಸಂಜೆ ಮನೆ ತುಂಬಿತು. ಒದ್ದೆ ಉಣ್ಣೆಯ ವಾಸನೆ, ಲವಂಗದ ವಾಸನೆ. ಮಕ್ಕಳಿಗೆ ಬಿಸಿ ಚಾಕೊಲೇಟು, ಹೆಂಗಸರಿಗೆ ದಾಲ್ಚಿನ್ನಿ ಹಾಕಿ ಕುದಿಸಿದ ಸೇಬಿನ ರಸ. ಓವಿಲಾನದು ಎಂದಿನಂತೆ ಜೇನು, ನಿಂಬೆ ಬೆರೆಸಿದ ಬಿಸಿ ಜಿನ್.

“ನೀರು ಕಮ್ಮಿ ಹಾಕು ತಾಯಿ. ನೀರು ಬೇಕಂದ್ರೆ ಹೊರಗೆ ಬೆಟ್ಟದ ತುಂಬ ಬಿದ್ದಿದೆ.”

ಎಲ್ಲರೂ ನಕ್ಕರು. ಬಾಗಿಲು ತೆರೆಯಿತು. ನಗು ಅಲ್ಲಿಗೇ ನಿಂತಿತು.

ತೆಸ್ಯೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಬಹಳ ಇಳಿದುಹೋಗಿದ್ದ.

“ಮದಾಮ್, ನಿಮ್ಮ ಕೈಯಿಂದ ಒಂದು ಬಟ್ಟಲು... ಕೊಡೋ ಮನಸ್ಸಿದ್ರೆ.”

“ನಾಚಿಕೆ ಆಗಲ್ವೇನಯ್ಯಾ?” ಓವಿಲಾ ಎದ್ದು ನಿಂತ. “ಈ ಬಟ್ಟಲಿನ ಆಸೆಗೇ ಅಲ್ವಾ ಅವತ್ತು ಬಿಲ್ಲೆ ಮರೆತಿದ್ದು?”

“ಹೌದು. ಅವತ್ತಿಂದ ಒಂದು ಹನಿ ಮುಟ್ಟಿಲ್ಲ. ಕೋಟಿನ ಒಳಬಟ್ಟೆ ಹರಿದು ನೋಡಿದೆ. ಬಸ್ಸಿನವರ ಕಾಲು ಹಿಡಿದು ಸೀಟು ಬಿಚ್ಚಿಸಿದೆ. ಸಿಗಲಿಲ್ಲ.”

“ಸಿಗೋದಿಲ್ಲ,” ಎಂದಳು ಫೆರ್ನಾಂದ್.

ಅವನು ತಲೆ ತಗ್ಗಿಸಿದ. “ಅಂಗಡಿ ಮುಚ್ಚಿದೆ. ಸತ್ತವರ ಜೊತೆ ಸಂಸಾರ ಮಾಡೋಕಾಗಲ್ಲ ಅಂತ ಹೆಂಡ್ತಿ ತವರಿಗೆ ಹೋದ್ಲು. ನಾನು ಕ್ಷಮೆ ಕೇಳೋಕೆ ಬಂದಿಲ್ಲ, ಮದಾಮ್. ಕೊಲೆಗಾರ ಅಂತಲಾದ್ರೂ ಒಂದ್ಸಲ ನೀವೇ ಬಾಯಿಬಿಟ್ಟು ಹೇಳಿ. ಆಮೇಲೆ ಹೇಗೋ ಇದ್ದುಬಿಡ್ತೀನಿ. ಇಲ್ಲಾ ಇರೋದಿಲ್ಲ.”

ಕೊಡುತ್ತಾಳೋ, ಮುಖಕ್ಕೆ ಎರಚುತ್ತಾಳೋ ಎಂದು ಎಲ್ಲರ ಕಣ್ಣೂ ಅವಳ ಕೈ ಮೇಲಿತ್ತು.

ಫೆರ್ನಾಂದ್ ಪಾತ್ರೆಯ ಮುಚ್ಚಳ ತೆಗೆದಳು. ಕೆಂಪು ದ್ರಾಕ್ಷಾರಸ ಸುರಿದಳು. ಅದರ ಮೇಲೆ ವಿಸ್ಕಿ. ಆಮೇಲೆ ಮೇಪಲ್ ಮರದ ಪಾಕ, ನಿಧಾನವಾಗಿ, ಧಾರೆ ಕಡಿಯದ ಹಾಗೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕೈಗಿಟ್ಟಳು.

“ಫೆರ್ನಾಂದ್!” ಎಂದ ಓವಿಲಾ. “ನೀನು ದೇವತೆ ಕಣೇ.”

“ಸುಮ್ನಿರು ಓವಿಲಾ, ಇದು ನಿನಗೂ ಕೇಳಬೇಕು,” ಎಂದಳು. ದನಿ ಏರಿಸಲಿಲ್ಲ. ತೆಸ್ಯೇಯ ಮುಖವನ್ನು ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನೇರವಾಗಿ ನೋಡಿದಳು.

“ನೀವು ಏನನ್ನೂ ಮರೆತಿರಲಿಲ್ಲ, ತೆಸ್ಯೇ ಅವರೇ. ಕಾಲು ಸೋತಿದೆ, ನೀವೇ ಹಾಕಿಬಿಡಿ ಅಂತ ಬಿಲ್ಲೆಯನ್ನ ನನ್ನ ಕೈಗೇ ಕೊಟ್ಟಿದ್ರಿ. ಗಿರಾಕಿಗಳ ಗದ್ದಲದಲ್ಲಿ ಅದನ್ನ ಜೇಬಿಗೆ ಹಾಕ್ಕೊಂಡು ಮರೆತು, ಗಂಡನನ್ನ ಬೆಟ್ಟಕ್ಕೆ ಕಳಿಸಿದವಳು ನಾನು.”