ಸೆರಗಿನ ಗಂಟು

ಪೆಟ್ರೋಲ್ ಮುಳ್ಳು ಕೆಂಪಿಗೆ ಇಳಿದ ಮೇಲೂ ಗಾಡಿ ಎಷ್ಟು ದೂರ ಓಡುತ್ತದೆ ಎಂಬುದು ಮನುಕುಲ ಇನ್ನೂ ಇತ್ಯರ್ಥ ಮಾಡಬೇಕಾದ ಘನಗಂಭೀರ ಪ್ರಶ್ನೆ. ಹೆಗ್ಗನಹಳ್ಳಿಯ ಮುನಿವೆಂಕಟಪ್ಪನವರ ಪ್ರಕಾರ, ಸ್ಕೂಟರನ್ನು ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿಸಿದರೆ ಸುಂಕದಕಟ್ಟೆಯಿಂದ ವಿಜಯನಗರದ ಬಂಕಿನವರೆಗೆ. ಆದರೆ ಈಗ ಅವರು ಕೂತಿದ್ದುದು ದ್ವೀಪದ ಪ್ರವಾಸ ಮುಗಿಸಿ ದಡಕ್ಕೆ ಮರಳುತ್ತಿದ್ದ ಪುಟ್ಟ ವಿಮಾನದಲ್ಲಿ. ಪಕ್ಕದಲ್ಲಿ ಹೆಂಡತಿ ಚಿಕ್ಕಲಕ್ಷ್ಮಮ್ಮ, ಮುಂದೆ ಪೈಲಟ್ ಜೊತೆ ಮಗಳು ಕುಸುಮಾ, ಕೆಳಗೆ ಬರೀ ಸಮುದ್ರ. ಎದುರುಗಾಳಿ ಇಂಧನವನ್ನೆಲ್ಲ ಕುಡಿದು ಮುಗಿಸಿತ್ತು.

"ರಿಸರ್ವ್‌ಗೆ ಹಾಕೋಕೆ ಹೇಳಮ್ಮ," ಎಂದರು ಮುನಿವೆಂಕಟಪ್ಪ.

"ಅಪ್ಪಾ, ಈಗ ಮುಗೀತಿರೋದೇ ರಿಸರ್ವು."

"ಹಂಗಾದ್ರೆ ಒಸಿ ವಾಲಿಸ್ಲಿ."

ಈ ಸಲಹೆ ಪೈಲಟ್‌ಗೆ ತಲುಪುವ ಮೊದಲೇ ಎಂಜಿನ್ ಕೆಮ್ಮಿ ನಿಂತಿತು. ಉಳಿದದ್ದು ಗಾಳಿಯ ಸದ್ದು. ಪೈಲಟ್ ಇಂಗ್ಲಿಷಿನಲ್ಲಿ ಅಂದದ್ದನ್ನು ಕುಸುಮಾ ಹಿಂದಕ್ಕೆ ತಿರುಗಿ ಹೇಳಿದಳು: "ನೀರಿಗೆ ಇಳಿಸ್ತಾರಂತೆ. ಲೈಫ್ ಜಾಕೆಟ್ ಹಾಕ್ಕೊಳ್ಳಿ. ಹೊರಗೆ ಹೋದ್ಮೇಲೇನೇ ಅದರ ದಾರ ಎಳೀರಿ, ಗಾಳಿ ತುಂಬ್ಕೊಳ್ಳತ್ತೆ. ವಿಮಾನ ಬೇಗ ಮುಳುಗತ್ತೆ, ನಿಂತ ತಕ್ಷಣ ಬಾಗಿಲಿಂದ ಹೊರಗೆ ಬಂದ್ಬಿಡಿ."

ಚಿಕ್ಕಲಕ್ಷ್ಮಮ್ಮ ಜಾಕೆಟ್ ಹಾಕಿಕೊಂಡರು. ಆಮೇಲೆ, ಸಂಗಮದಲ್ಲಿ ಗಂಡಹೆಂಡಿರು ಮುಳುಗು ಹಾಕುವಾಗ ಕಟ್ಟುವ ಹಾಗೆ, ತಮ್ಮ ಸೆರಗನ್ನು ಗಂಡನ ಪಂಚೆಯ ತುದಿಗೆ ಎರಡು ಗಂಟು ಹಾಕಿ ಬಿಗಿದರು. ನೀರಿನಲ್ಲಿ ಕೈ ತಪ್ಪಬಾರದಲ್ಲ.

ವಿಮಾನ ನೀರಿಗೆ ಬಡಿಯಿತು. ಪೈಲಟ್ ಮತ್ತು ಕುಸುಮಾ ಮುಂಬಾಗಿಲಿನಿಂದ ಹೊರಬಿದ್ದರು. ಹಿಂಬಾಗಿಲಿನಲ್ಲಿ ಅರ್ಧ ಹೊರಗೆ ಬಂದ ಚಿಕ್ಕಲಕ್ಷ್ಮಮ್ಮ ಅಲ್ಲೇ ನಿಂತರು. ಸೆರಗು ಒಳಕ್ಕೆ ಜಗ್ಗುತ್ತಿತ್ತು. ಒಳಗೆ ಮುನಿವೆಂಕಟಪ್ಪನವರ ಸೀಟಿನ ಬೆಲ್ಟು ಪಂಚೆಯ ಮೇಲೆ ಬಿಗಿದು ಕೂತಿತ್ತು; ಅದನ್ನು ಬಿಚ್ಚುವ ಬಗೆ ಅವರಿಗೆ ತಿಳಿಯಲಿಲ್ಲ. ಸೊಂಟದವರೆಗೆ ನೀರು. ನೆಂದ ಗಂಟು ಬಿಚ್ಚಲು ಬರಲಿಲ್ಲ.

"ಏನ್ರೀ, ಪಂಚೆ ಬಿಚ್ಚಾಕಿ."

"ಮಗಳಿದಾಳೆ ಕಣೇ."

ನೀರು ಎದೆಗೆ ಬಂತು. ಚಿಕ್ಕಲಕ್ಷ್ಮಮ್ಮ ಮತ್ತೆ ಕೇಳಲಿಲ್ಲ. ಜಾಕೆಟ್ಟಿನ ಅಡಿಯಿಂದ ನೆರಿಗೆ ಕಿತ್ತು, ಹೆಗಲಿನ ಪಿನ್ನು ಕಿತ್ತು ಬರುವ ಹಾಗೆ ಸೆರಗನ್ನು ಎಳೆದು, ಸೀರೆಯನ್ನು ಒಳಗೇ ಬಿಟ್ಟರು. ನೀರೊಳಗೆ ಕೈ ಹಾಕಿ ಗಂಡನ ಬೆಲ್ಟು ಬಿಚ್ಚಿ, ರಟ್ಟೆ ಹಿಡಿದು ಹೊರಗೆಳೆದರು. ಪಂಚೆ ಸೀರೆಯ ಹಿಂದೆ ಹೋಯಿತು. ಎರಡರ ಹಿಂದೆ ವಿಮಾನವೂ ಹೋಯಿತು.

ವಿಮಾನ ಇಳಿದದ್ದನ್ನು ಕಂಡಿದ್ದ ನಮ್ಮ ಕರಾವಳಿಯ ಮೀನಿನ ದೋಣಿಯೊಂದು ಬಂದು ಮೂವರನ್ನು ಹತ್ತಿಸಿಕೊಂಡಿತು. ಚಿಕ್ಕಲಕ್ಷ್ಮಮ್ಮನವರನ್ನು ಅಲೆ ದೂರಕ್ಕೆ ಒಯ್ದಿತ್ತು. ಕಿತ್ತು ಬಂದ ಪಿನ್ನು ಜಾಕೆಟ್ಟಿಗೆ ಚುಚ್ಚಿ ಗಾಳಿ ಸೋರುತ್ತಿತ್ತು. ನೀರು ಆಗಲೇ ಗದ್ದ ಮುಟ್ಟಿತ್ತು.

"ಲೋ, ಆ ಕಡೆ ತಿರುಕ್ಕೊಳ್ರೋ. ಹೆಂಗಸಿನ ಮೈಮೇಲೆ ಸೀರೆ ಇಲ್ಲ," ಎಂದು ಮುನಿವೆಂಕಟಪ್ಪನವರು ಚಡ್ಡಿಯಲ್ಲಿ ನಿಂತು ಅಪ್ಪಣೆ ಮಾಡಿದರು.

ದೋಣಿಯವರು ಮರ್ಯಾದಸ್ಥರು. ಬೆನ್ನು ತಿರುಗಿಸಿಕೊಂಡೇ ಹಗ್ಗ ಎಸೆದರು. ಅದು ಎಲ್ಲೋ ಬಿತ್ತು. ಮತ್ತೆ ಎಸೆದರು. ಇನ್ನೂ ದೂರ ಬಿತ್ತು.

ಚಿಕ್ಕಲಕ್ಷ್ಮಮ್ಮ ಬಾಯಿಗೆ ನುಗ್ಗಿದ ಉಪ್ಪುನೀರು ಉಗುಳಿದರು.

"ಅಣ್ಣಾ, ಅವರ ಮಾತು ಕೇಳ್ಬೇಡಿ. ಈ ಕಡೆ ನೋಡಿ ಎಸೀರಿ."

ಅವರು ನೋಡಿದರು. ಹಗ್ಗ ಕೈಗೆ ಬಂತು. ನಾಲ್ವರೂ ಬದುಕಿದರು.