ಹಿಂದಿನ ಬಲದ ಬಾಕ್ಸು

ತೀರ್ಥಪ್ರಸಾದ್ ಸಮುದಾಯ ಭವನದ ಬಾಗಿಲು ದಾಟಿ ಒಳಗೆ ಬಂದದ್ದೇ ತಡ, ಬೋಜಮ್ಮಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಅವಂಗೆ ಯಾರ್ ಹೇಳಿಕೆ ಕೊಟ್ಟದ್?"

"ನಾನೇ ಕರೆದದ್ದು ಅಜ್ಜಿ," ಎಂದಳು ಶೋಭಿತಾ. "ಅವನೂ ಕೇಳ್ಲಿ ಅಂತ."

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದರು. ಮತ್ತೆ ಜಗಿಯತೊಡಗಿದರು. "ಹಂಗಾರೆ ಮುಂದೆ ಕೂರ್ಸ್. ಓಡಿಕೆ ಆಗದಂಗೆ."

ಶೋಭಿತಾ ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು. ಕಾಪಿಯನ್ನೂ ತಾನೇ ತಂದುಕೊಟ್ಟಳು. ಕಡಿಯುವ ಮುಂಚೆ ಕುರಿಗೆ ಸೊಪ್ಪು ಕೊಡ್ತಿದ್ದಾಳೆ ಎಂದು ಹಿಂದೆ ಯಾರೋ ಗೊಣಗಿದರು.

ಇವತ್ತು ಅವಳ ತಮ್ಮ ನವೀನನ ನಿಶ್ಚಿತಾರ್ಥ. ಹನ್ನೆರಡು ವರ್ಷದ ಹಿಂದೆ, ಸುಂಟಿಕೊಪ್ಪದ ಇದೇ ಭವನದಲ್ಲಿ, ಶೋಭಿತಾಳ ಮದುವೆ ಮುರಿದಿತ್ತು. ಧಾರೆಗೆ ಮುಂಚೆ, ವಾಲಗ ನಡೆಯುತ್ತಿರುವಾಗಲೇ ಗಂಡಿನ ಸೋದರಮಾವ ಎದ್ದರು. ಅವರ ಹಿಂದೆ ಕರಿಕೆ ಊರಿನಿಂದ ಬಂದ ದಿಬ್ಬಣವೆಲ್ಲ ಎದ್ದಿತು. ಹುಡುಗಿಗೆ ಮೂರ್ಛೆರೋಗ, ಮೈಸೂರಲ್ಲಿ ಮದ್ದು ನಡೆಯುತ್ತಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ರೋಗ ಇರಲೇ ಇಲ್ಲ. ಆದರೆ ಇಲ್ಲದ ರೋಗ ವಾಸಿಯಾಯಿತೆಂದು ಯಾವ ಡಾಕ್ಟರು ಬರೆದುಕೊಡುತ್ತಾರೆ? ಆಮೇಲೆ ಒಂದು ಸಂಬಂಧವೂ ಅವಳನ್ನು ಕೇಳಿಕೊಂಡು ಗೇಟಿನೊಳಗೆ ಬರಲಿಲ್ಲ. ಅಪ್ಪ ನಾಣಯ್ಯ ಅದೇ ಕೊರಗಿನಲ್ಲಿ ಹೋದರು.

ಆ ಯಾರೋ ಯಾರೆಂದು ಊರೇ ತೀರ್ಮಾನಿಸಿತ್ತು. ತೀರ್ಥಪ್ರಸಾದ್ ಹಿಂದೊಮ್ಮೆ ಹೆಣ್ಣು ಕೇಳಲು ಬಂದು ಇಲ್ಲ ಅನ್ನಿಸಿಕೊಂಡವನು. ಆ ದಿನ ಗಂಡಿನ ಕಡೆಯವರ ನಡುವೆಯೇ ಓಡಾಡುತ್ತಿದ್ದವನು. ಅಷ್ಟು ಸಾಕಾಯಿತು. ಅವನಿಗೆ ಹೇಳಿಕೆ ಹೋಗುವುದು ನಿಂತಿತು, ಅವನ ಬಾಡಿಗೆ ಜೀಪಿಗೆ ಜನ ಹತ್ತುವುದು ನಿಂತಿತು.

ವಿಡಿಯೊ, ಸೌಂಡು ಎರಡೂ ಲೋಕೇಶನದು. ಆವತ್ತೂ ಅವನೇ, ಇವತ್ತೂ ಅವನೇ. "ಸ್ವಲ್ಪ ಈಚೆ ನೋಡಿ, ಹಲ್ಲು ಕಾಣ್ಲಿ" ಎಂದು ಅವನು ಹೇಳದೆ ಈ ಕಡೆ ಮದುವೆಯೇ ಆಗುವುದಿಲ್ಲ. ಒಮ್ಮೆ ತಿಥಿಯ ಮನೆಯಲ್ಲೂ ಬಾಯಿತಪ್ಪಿ ಹೇಳಿ ಬೈಸಿಕೊಂಡಿದ್ದ. ಕೈ ಒಳ್ಳೆಯದು ಅಂತ ಎಲ್ಲರೂ ಅನ್ನುವರು. ಕರಿಕೆಗೆ ಕೊಟ್ಟ ತಂಗಿ ಜೇನು ಕಳಿಸಿದರೆ ನಾಣಯ್ಯನ ಮನೆಗೂ ಒಂದು ಬಾಟಲಿ ಮುಟ್ಟಿಸುತ್ತಿದ್ದ.

ಆವತ್ತು ಲೋಕೇಶ್ ಹಿಡಿದ ಕ್ಯಾಮೆರಾ ಮಾತ್ರ ಶೋಭಿತಾಳ ದುಬೈ ಚಿಕ್ಕಪ್ಪನದು. ಅದು ನೋಡುವುದು ಮುಂದಕ್ಕೆ, ಕೇಳಿಸಿಕೊಳ್ಳುವುದು ಸುತ್ತಲೂ, ಆರು ಪಾಲಾಗಿ. ಮುಂದಿನ ದನಿಗೆ ಮೂರು ಟ್ರ್ಯಾಕು, ಹಿಂದಿನದಕ್ಕೆ ಎಡಬಲ ಎರಡು, ಡೋಲಿನ ಗುಡುಗಿಗೆ ಒಂದು. ಲೋಕೇಶ್ ಆಗ ಹೊಸಬ. ಡಿವಿಡಿ ಮಾಡುವಾಗ ಆರನ್ನೂ ಎರಡಕ್ಕೆ ಇಳಿಸಿ ಕೊಟ್ಟ. ಹಿಂದೆ ನಿಂತವರ ಮಾತೆಲ್ಲ ವಾಲಗದಲ್ಲಿ ಮುಳುಗಿತು. ಮೂಲದ ಮೆಮೊರಿ ಕಾರ್ಡು ಅಪ್ಪನ ಪೆಟ್ಟಿಗೆ ಸೇರಿತು.

ಹೋದ ವಾರ ಶೋಭಿತಾ ಆ ಕಾರ್ಡು ಹಿಡಿದು ಅವನ ಸ್ಟುಡಿಯೊಗೆ ಹೋಗಿದ್ದಳು.

"ಅಪ್ಪನ ದನಿ ಕೇಳ್ಬೇಕು ಲೋಕೇಶಣ್ಣ. ಆರು ಟ್ರ್ಯಾಕನ್ನೂ ಬೇರೆ ಬೇರೆ ಬಿಡ್ಸಿ ಕೊಡು, ಕೂಡ್ಸಬೇಡ. ನಿಶ್ಚಿತಾರ್ಥಕ್ಕೆ ಸುತ್ತ ಆರು ಸ್ಪೀಕರ್ ಬಾಕ್ಸು ಇಟ್ಟು ಹಾಕುವ."

"ಎಂತ ಮಾರಾಯ್ತಿ, ಥಿಯೇಟರಾ?" ಅವನು ನಕ್ಕ. "ಹಿಂದಿನದ್ರಲ್ಲಿ ಎಂತ ಇರ್ತದೆ, ಬರೀ ಗಲಾಟೆ."

"ಆ ಗಲಾಟೆಯೇ ಬೇಕು. ಆವತ್ತು ಹೇಳಿದವ ಯಾರು ಅಂತ ಎಲ್ಲರಿಗೂ ಗೊತ್ತಾಗ್ಬೇಕು."

ಮೌಸಿನ ಮೇಲಿದ್ದ ಅವನ ಕೈ ನಿಂತಿತು. "ತೀರ್ಥನೇ ಅಲ್ವಾ. ಸಿಕ್ಕಿದ್ರೆ ಬಿಡ್ಬೇಡ ಅವನನ್ನ."

"ಸಿಕ್ಕಿದವನನ್ನ ಬಿಡುದಿಲ್ಲ," ಎಂದಳು ಶೋಭಿತಾ.

ಎರಡು ದಿನ ಬಿಟ್ಟು ಅವನೇ ಮನೆಗೆ ಬಂದ. ಅಜ್ಜಿಯ ಎದುರು ಪೆನ್‌ಡ್ರೈವ್ ಇಟ್ಟ. "ಐದು ಬಂತು. ಹಿಂದಿನ ಬಲದ್ದು ಖಾಲಿ. ಹಳೇ ಕಾರ್ಡಲ್ವಾ, ಬಿಡಿಸುವಾಗಲೇ ಸತ್ತುಹೋಯ್ತು. ಬೇಜಾರು ಬೇಡ, ತೀರ್ಥ ಸಿಕ್ಕಿದ್ದು ಎಡದ್ರಲ್ಲಿ. ಮಾತು ಬಿಡಿಸಿ ಕೇಳುದಿಲ್ಲ, ದನಿ ಅವನದ್ದೇ."

"ಹೋದ್ರೆ ಹೋಗ್ಲಿ," ಎಂದಳು ಶೋಭಿತಾ. "ಬಲದ ಬಾಕ್ಸೂ ಇಡು. ಆ ಜಾಗ ಖಾಲಿ ಕಾಣಬಾರ್ದು."

ಈಗ ಭವನದ ದೀಪ ತಗ್ಗಿತು. ಲೋಕೇಶ್ ಬಟನ್ ಒತ್ತಿದ.

ಎದುರಿನಿಂದ ನಾಣಯ್ಯನ ದನಿ ಬಂತು. "ಬನ್ನಿ, ಬನ್ನಿ. ಕಾಪಿ ಆಯ್ತಾ? ಒಳಗೆ ಗಾಳಿ ಉಂಟು, ಅಲ್ಲೇ ಕೂರಿ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡೂ ಬದಿಯಿಂದ ವಾಲಗ ಏರಿತು. ಆಮೇಲೆ ಹಿಂದಿನ ಎಡದ ಬಾಕ್ಸಿನಿಂದ ಒಂದು ಗಂಡು ದನಿ, ಜೋರಾಗಿ, ಮಾತು ಮಾತ್ರ ಅರೆಬರೆ. ತೀರ್ಥಪ್ರಸಾದನದು. ಇಡೀ ಭವನ ಅವನ ಕಡೆ ತಿರುಗಿತು.

"ನಾನು ಅಡಿಗೆಯವನ ಹತ್ರ ಪಾಯಸದ ಬೆಲ್ಲ ಕೇಳಿದ್ದು," ಎಂದ ಅವನು.

"ಹೌದೌದು. ಹನ್ನೆರಡು ವರ್ಷವಾದ್ರೂ ಬೆಲ್ಲ ನೆನಪುಂಟು," ಎಂದ ಲೋಕೇಶ್ ಮೈಕಿನಲ್ಲಿ. ಯಾರೋ ನಕ್ಕರು. ನವೀನ ಹೊಸ ಶರ್ಟಿನ ತೋಳು ಮಡಚಿಕೊಂಡು ಮುಂದಿನ ಸಾಲಿಗೆ ನಡೆದ.

"ಅಲ್ಲಿ ಅಲ್ಲ ನವೀನ," ಎಂದಳು ಶೋಭಿತಾ. "ನೀನು ಬಾಗಿಲ ಹತ್ರ ನಿಲ್ಲು."

ಅವಳು ಹಿಂದಿನ ಬಲದ ಬಾಕ್ಸಿನ ಬಳಿ ಹೋಗಿ ವೈರು ಕಿತ್ತಳು.

"ಅದು ಖಾಲಿ ಅಂದ್ನಲ್ಲ," ಎಂದ ಲೋಕೇಶ್. ಮೈಕು ಹಿಡಿಯುವುದನ್ನು ಮರೆತಿದ್ದ.

"ನೀನು ಕೊಟ್ಟದ್ದು ಖಾಲಿ. ಕಾರ್ಡಿನ ಒಂದು ಪ್ರತಿ ನನ್ನ ಹತ್ರ ಉಂಟು. ಬಿಡಿಸುವ ಸಾಫ್ಟ್‌ವೇರು ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ ಲೋಕೇಶಣ್ಣ. ಹೋದ ಮಳೆಗಾಲದಲ್ಲೇ ಕಲ್ತೆ."

ಅವಳು ಫೋನಿಗೆ ವೈರು ಸಿಕ್ಕಿಸಿದಳು. ಬಾಕ್ಸು ಒಮ್ಮೆ ಗುರ್ ಎಂದಿತು. ವಾಲಗದ ಮರೆಯಲ್ಲಿ ಒಂದು ಪಿಸುದನಿ, ಕ್ಯಾಮೆರಾಕ್ಕೆ ಎಲ್ಲರಿಗಿಂತ ಹತ್ತಿರದ್ದು, ಭವನ ತುಂಬಿತು.

"ಮೂರ್ಛೆರೋಗ ಮಾವ, ಮೈಸೂರಲ್ಲಿ ಮದ್ದು ನಡೀತಾ ಉಂಟು, ನಾನು ಹೇಳಿದ್ದು ಅನ್ಬೇಡಿ. ನಿಮ್ಮ ಹುಡುಗನಿಗೆ ಬೇಕಾದ್ರೆ ನನ್ನ ತಂಗಿ ಸುಮಿತಾ ಇದ್ದಾಳೆ... ಹಾಂ, ಸ್ವಲ್ಪ ಈಚೆ ನೋಡಿ, ಹಲ್ಲು ಕಾಣ್ಲಿ."