ಹೊಕ್ಕುಳತಾಯಿಯ ಗಲ್ಲಾಪೆಟ್ಟಿಗೆ

ಹೊಕ್ಕುಳಬಳ್ಳಿ ಕತ್ತರಿಸಿದ್ದು ಫ್ರೀಡಾ ಕಾರ್ಲೊವ್ನಾ ಎಂದು ಕೇಳಿದ ಕೂಡಲೇ ಜೂರಾ ತಲೆಯ ಮೇಲೆ ಕೈಹೊತ್ತು ಕೂತಳು. ಬೇಕರಿ ನಡೆಸುವವಳು ಅವಳು. ಹಿಟ್ಟು ತರಲು ನಾರಿನ್ ಪೇಟೆಗೆ ಹೋಗಿದ್ದಾಗ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿ ಅಲ್ಲೇ ಸಿಕ್ಕಿಬಿದ್ದಿದ್ದಳು. ಇಲ್ಲಿ ಹಿಟ್ಟು ನಾದುವ ಬಸುರಿ ಸಿರ್ಗಾ ಎಂಬವಳಿಗೆ ತಂದೂರಿನ ಪಕ್ಕದಲ್ಲೇ ಹೆರಿಗೆ ನೋವು ಶುರುವಾಯಿತು. ಜೊತೆಗಿದ್ದವಳು ಗಲ್ಲಾದಲ್ಲಿ ಕೂರುವ ಫ್ರೀಡಾ ಒಬ್ಬಳೇ. ಸಾಮೂಹಿಕ ಬೇಸಾಯದ ಕೊಲ್ಖೋಜಿನ ಕಾಲದಲ್ಲಿ ದನದ ಡಾಕ್ಟರ ಕೈಕೆಳಗೆ ದುಡಿದ ಮುದುಕಿ, ನೂರಾರು ಕರು ಹೊರತೆಗೆದ ಕೈಯಲ್ಲೇ ಸಿರ್ಗಾಳ ಹೆಣ್ಣುಮಗುವನ್ನೂ ಬರಮಾಡಿಕೊಂಡಳು.

ತಾಯಿ, ಮಗು ಕ್ಷೇಮವಾಗಿದ್ದರು. ಬೇಕರಿಗೆ ಮಾತ್ರ ಗಂಡಾಂತರ ಬಂದಿತ್ತು. ನಮ್ಮಲ್ಲಿ ಬಳ್ಳಿ ಕತ್ತರಿಸಿದವಳು ಮಗುವಿಗೆ ಹೊಕ್ಕುಳತಾಯಿ. ಆ ಮನೆಯವರಿಗೆಲ್ಲ ಬೀಗಿತ್ತಿ. ಒಂದು ಮನೆಗೆ ಬೀಗಿತ್ತಿಯಾದರೆ ಊರಿಗೇ ಬೀಗಿತ್ತಿಯಾದ ಹಾಗೆ, ಯಾಕೆಂದರೆ ಊರಿಗೆ ಊರೇ ಒಬ್ಬ ಅಜ್ಜನ ಸಂತಾನ. ನೆಂಟರ ಕೈಯಿಂದ ರೊಟ್ಟಿಗೆ ದುಡ್ಡು ಈಸಿಕೊಳ್ಳುವ ಎದೆಗಾರಿಕೆ ನಮ್ಮೂರಲ್ಲಿ ಯಾರಿಗೂ ಇಲ್ಲ.

ಸರ್ಕಾರ ಕೈಬಿಟ್ಟು ಮುಚ್ಚಿಹೋಗಿದ್ದ ಶಿಶುವಿಹಾರ ನಡೆಸಲೆಂದೇ ಹೆಂಗಸರು ಬೇಕರಿ ಹಾಕಿದ್ದು. ರೊಟ್ಟಿಯ ಲಾಭದಲ್ಲಿ ಮಕ್ಕಳ ಮಧ್ಯಾಹ್ನದ ಊಟ. ರಾಜಧಾನಿಯಿಂದ ತರಬೇತಿ ಕೊಡಲು ಬಂದವನು ಇದಕ್ಕೆ ಸಾಮಾಜಿಕ ಉದ್ಯಮ ಎಂದು ಹೆಸರಿಟ್ಟ. ಸಮಾಜವೂ ಉದ್ಧಾರವಾಗಬೇಕು, ಉದ್ಯಮವೂ ನಡೆಯಬೇಕು ಅಂದ. ಮೊದಲನೆಯದು ನಮ್ಮವರಿಗೆ ಸಲೀಸಾಗಿ ಬಂತು. ಜೂರಾ ಗಲ್ಲಾದಲ್ಲಿ ಕೂತಳು. ಚಿಕ್ಕಪ್ಪ ಬಂದ, ಅತ್ತೆ ಬಂದಳು, ಅತ್ತೆಯ ನಾದಿನಿಯೂ ಬಂದಳು. ರೊಟ್ಟಿಯೂ ಖಾಲಿ, ದುಡ್ಡಿನ ಡಬ್ಬವೂ ಖಾಲಿ. ಮಕ್ಕಳಿಗೆ ಬರೀ ಟೀ ಸಿಕ್ಕಿತು.

ಆಗ ನೆನಪಾದವಳು ಫ್ರೀಡಾ. ಹಿಂದೆ ಇಲ್ಲಿ ನೆಲೆಸಿದ್ದ ಅವಳ ಕಡೆಯ ಜರ್ಮನರೆಲ್ಲ ಯಾವಾಗಲೋ ಜರ್ಮನಿಗೆ ಗಂಟುಮೂಟೆ ಕಟ್ಟಿದ್ದರು. ಹಸು ಗಬ್ಬವಾಗಿದೆ, ಈದ ಮೇಲೆ ಬರುತ್ತೇನೆ ಎಂದು ಉಳಿದವಳು ಉಳಿದೇಬಿಟ್ಟಳು. ಊರಿಗೆ ಬೇಕಾದವಳು, ಆದರೆ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅವಳ ಮುಂದೆ ದುಡ್ಡಿಡಲು ಯಾರಿಗೂ ಮುಜುಗರವಾಗಲಿಲ್ಲ. ಮಕ್ಕಳ ತಟ್ಟೆಯಲ್ಲಿ ಮಾಂಸದ ತುಂಡೂ ಕಾಣಿಸಿಕೊಂಡಿತು.

ದಾರಿ ತೆರೆದು ಜೂರಾ ಊರು ಸೇರಿದ ಮಾರನೆಯ ಬೆಳಿಗ್ಗೆಯೇ ಮಗುವಿನ ಅಜ್ಜಿ ಬುರುಲ್ಚಾ ಬೇಕರಿಗೆ ಬಂದಳು. ಹಬ್ಬದ ಬಿಳಿ ತಲೆವಸ್ತ್ರ ಕಟ್ಟಿದ್ದಳು. ಕೈಗಳು ಕೋಟಿನ ತೋಳಿನೊಳಗೇ ಬೆಚ್ಚಗಿದ್ದವು, ಹೊರಗೆ ಬರುವ ಸೂಚನೆಯೇ ಇರಲಿಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಇವಳಿಗೆ ರೊಟ್ಟಿ ಬಿಟ್ಟಿ ಹೋದರೆ ಮಧ್ಯಾಹ್ನದೊಳಗೆ ಇಡೀ ಊರು ಬಂದು ನಿಲ್ಲುತ್ತದೆ ಎಂದು ಜೂರಾಳಿಗೆ ಗೊತ್ತಿತ್ತು. ಬೀಗಿತ್ತಿ ಎಂದು ಕರೆದರೆ ಕೇಳಿಸದವರ ಹಾಗೆ ಇದ್ದುಬಿಡಿ ಎಂದು ಫ್ರೀಡಾಳಿಗೆ ಮೊದಲೇ ಹೇಳಿಯೂ ಇದ್ದಳು.

"ಬೀಗಿತ್ತೀ, ಎರಡು ರೊಟ್ಟಿ ಕೊಡೇ," ಅಂದಳು ಬುರುಲ್ಚಾ. ಮೊನ್ನೆಯವರೆಗೂ 'ಕಾರ್ಲೊವ್ನಾ, ಕೊಡಿ' ಅನ್ನುತ್ತಿದ್ದ ಬಾಯಿ ಅದು.

ಫ್ರೀಡಾಳ ಮುಖ ಅರಳಿತು. ಎಷ್ಟೋ ವರ್ಷದಿಂದ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಬಿಸಿಯಾದ ಎರಡು ರೊಟ್ಟಿ ಆರಿಸಿ ಕೊಟ್ಟಳು. ಜೂರಾ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಫ್ರೀಡಾ ಏಪ್ರನ್ನಿನ ಜೇಬಿನಿಂದ ತನ್ನ ಪರ್ಸು ತೆಗೆದು, ರೊಟ್ಟಿಯ ದುಡ್ಡನ್ನು ಡಬ್ಬಕ್ಕೆ ಹಾಕಿದಳು.

"ಇದೇನೇ ಮಾಡ್ದೆ?" ಅಂದಳು ಬುರುಲ್ಚಾ.

"ಬೀಗಿತ್ತಿ ನನ್ನವಳು, ಅದಕ್ಕೆ ನಾನು ಕೊಡಿಸ್ದೆ. ರೊಟ್ಟಿ ಮಕ್ಕಳದ್ದು. ಅದನ್ನ ನಾನು ಹೇಗೆ ಬಿಟ್ಟಿ ಕೊಡ್ಲಿ ಹೇಳು?"

ಬುರುಲ್ಚಾ ಕೆಂಪಗಾದಳು. ರೊಟ್ಟಿ ಎದೆಗವಚಿಕೊಂಡು ಬಾಗಿಲವರೆಗೆ ಹೋದಳು. ನಾಲ್ಕು ಜನರ ಎದುರು ನೆಂಟರು ನಮಗಾಗಿ ದುಡ್ಡು ಬಿಚ್ಚಿದರೆ ನಮ್ಮೂರಿನವರಿಗೆ ಅದು ಅರಗುವುದಿಲ್ಲ. ಬಾಗಿಲಿಂದ ವಾಪಸು ಬಂದಳು, ಬೂಟಿನೊಳಗೆ ಕೈಹಾಕಿ ಮಡಿಸಿದ ನೋಟು ತೆಗೆದು ಡಬ್ಬಕ್ಕೆ ತುರುಕಿದಳು.

"ನನ್ನ ರೊಟ್ಟಿಗಲ್ಲ. ಅದು ನೀನು ಕೊಡಿಸಿದ್ದು, ತಿಂತೀನಿ. ಇದು ನಿನ್ನ ಇವತ್ತಿನ ಊಟದ ರೊಟ್ಟಿಗೆ."

ಸಾಲಿನಲ್ಲಿ ಹಿಂದಿದ್ದ ಜೂರಾಳ ಚಿಕ್ಕಪ್ಪ, ಇವರಿಬ್ಬರೇ ಧಾರಾಳಿಗಳೇನು ಎಂದು ಗೊಣಗುತ್ತ, ತನ್ನ ಹಿಂದಿನವಳ ರೊಟ್ಟಿಗೂ ಸೇರಿಸಿ ಜೇಬಿಗೆ ಕೈಹಾಕಿದ. ಜೂರಾ ಕಣ್ಣು ತೆರೆದಳು.

ಫ್ರೀಡಾ ತನ್ನ ಪಾಲಿನ ರೊಟ್ಟಿ ಎತ್ತಿಕೊಂಡಳು. ಕಣ್ಣು ತುಂಬಿ ಬಂದಿತ್ತು. ಗಿರಾಕಿಗಳಿಗೆಲ್ಲ ಹೇಳಿ ರೂಢಿಯಾದ ಥ್ಯಾಂಕ್ಸ್ ಅವಳ ಬಾಯಿಗೆ ಬಂತು. ಬುರುಲ್ಚಾ ಗದರಿದಳು.

"ಥ್ಯಾಂಕ್ಸ್ ಅಂದ್ರೆ ಮತ್ತೆ ಹೊರಗಿನವಳಾಗ್ತೀಯ, ನೋಡು."

ಫ್ರೀಡಾ ಬಾಯಿ ಮುಚ್ಚಿದಳು. ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು ಡಬ್ಬವನ್ನು ಚಿಕ್ಕಪ್ಪನ ಕಡೆ ತಳ್ಳಿದಳು.